ಹೊಳೆಯೋದೆಲ್ಲ ಸ್ಟೀಲಲ್ಲ ಸ್ವಾಮಿ

ಅಡುಗೆ ಬಗ್ಗೆ ಬರೆಯುವ ಬ್ಲಾಗಿಗ ಗೆಳೆಯರ ಮೇಲೆ ನನ್ನದೊಂದು ತಕರಾರಿದೆ. ಕೆಂಡದಲ್ಲಿ ಸುಟ್ಟ ಬದನೆಕಾಯಿ, ಕೆಂಡದ ಕೋಳಿ, ಸುಟ್ಟ ಮೆಕ್ಕೆಜೋಳ ಅಂತ ಬರೆಯುವಾಗ ಮಸಾಲೆಯ ಲೆಕ್ಕ ಚಮಚದಲ್ಲಿ ಕೊಡ್ತೀರಿ. ಎಷ್ಟು ಹೊತ್ತು ನೆನೆಯಬೇಕು, ಉಪ್ಪು ಯಾವಾಗ ಹಾಕಬೇಕು, ಎಲ್ಲಾ ಹೇಳ್ತೀರಿ. ಜಾಲರಿಯ ವಿಷಯ ಬಂದ ಕೂಡಲೇ ಒಂದೇ ಸಾಲಲ್ಲಿ ಮುಗಿಸ್ತೀರಿ: “ಯಾವುದಾದರೂ ಒಂದು ಜಾಲರಿ ಇಟ್ಟು ಸುಡಿ, ಇಲ್ಲದಿದ್ದರೆ ಹಳೇ ಫ್ರಿಜ್ಜಿನ ತಟ್ಟೆಯೂ ಆಗುತ್ತೆ.” ನನ್ನ ಜಗಳ ಇರೋದು ಈ ಸಾಲಿನ ಮೇಲೆ. “ಯಾವುದಾದರೂ” ಆಗೋದಿಲ್ಲ. ಫ್ರಿಜ್ಜಿನ ತಟ್ಟೆಯಂತೂ ಖಂಡಿತ ಆಗೋದಿಲ್ಲ.

ನಾನು ಕಾನಹೊಸಹಳ್ಳಿಯವನು. ಗೊತ್ತಿಲ್ಲದವರಿಗೆ ಹೇಳ್ತೀನಿ, ಚಿತ್ರದುರ್ಗದಿಂದ ಹೊಸಪೇಟೆ ಕಡೆ ಹೊರಟರೆ ಕೂಡ್ಲಿಗಿಗಿಂತ ಮೊದಲು ಹೆದ್ದಾರಿಯಲ್ಲೇ ಸಿಗೋ ಊರು. ಹೆದ್ದಾರಿಗೆ ಮೊದಲು 13 ಅಂತಿದ್ದರು, ಈಗ 50. ಜಿಲ್ಲೆಗೆ ಮೊದಲು ಬಳ್ಳಾರಿ ಅಂತಿದ್ದರು, 2021ರಿಂದ ವಿಜಯನಗರ. ಹೆಸರು ಬದಲಾದರೂ ಬೆಂಕಿ ಹಚ್ಚೋದು ಬದಲಾಗಿಲ್ಲ ನೋಡಿ. ಉಜ್ವಲ ಯೋಜನೆ 2016ರಲ್ಲಿ ಬಂತು, ಮನೆಮನೆಗೆ ಸಿಲಿಂಡರೂ ಬಂತು. ಆದರೆ ಸ್ನಾನದ ನೀರಿಗೆ ಕಟ್ಟಿಗೆ, ರೊಟ್ಟಿಗೆ ಕಟ್ಟಿಗೆ, ಹೊಲದಲ್ಲಿ ಹಸಿ ಶೇಂಗಾ ಸುಡೋಕೆ ಒಣಗಿದ ಸೊಪ್ಪು ಸದೆ. ಮೈಲಾರದ ಜಾತ್ರೆಗೋ ಕೊಟ್ಟೂರಿನ ತೇರಿಗೋ ಹೋದವರು ಬಯಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡ್ತಾರೆ. ಹೆದ್ದಾರಿಯ ಢಾಬಾಗಳಲ್ಲಿ ಸಂಜೆಯಾದರೆ ಇದ್ದಿಲ ಒಲೆ ನಿಗಿನಿಗಿ ಅನ್ನುತ್ತೆ. ಮಳೆಗಾಲದಲ್ಲಿ ಬಸ್ ಸ್ಟ್ಯಾಂಡಿನ ಮುಂದೆ ತೆನೆ ಸುಡುವವರ ಸಾಲು. ಮೆಕ್ಕೆಜೋಳಕ್ಕೆ ನಮ್ಮ ಕಡೆ ಏನು ಬರವೇ? ಅದೇನೂ ಇಲ್ಲ. ಬರ ಇರೋದು ಜಾಲರಿಯ ಬಗ್ಗೆ ತಿಳುವಳಿಕೆಗೆ.

ಆ ತೆನೆ ಸುಡುವವರು ಬಾಣಲೆಯ ಮೇಲೆ ಏನಿಟ್ಟಿರುತ್ತಾರೆ ಅಂತ ಒಮ್ಮೆ ಬಗ್ಗಿ ನೋಡಿ. ಹತ್ತರಲ್ಲಿ ಬಹಳ ಕಡೆ ಅದು ಕೋಳಿಗೂಡಿಗೆ ಕಟ್ಟುವ ಜಾಲರಿಯ ಒಂದು ತುಂಡು. ಮೀಟರ್ ಲೆಕ್ಕದಲ್ಲಿ ಸಿಗುತ್ತೆ, ಕತ್ತರಿಯಲ್ಲಿ ಕತ್ತರಿಸಬಹುದು, ಸುಟ್ಟು ಕೆಟ್ಟರೆ ಇನ್ನೊಂದು ತುಂಡು. ಬೂದು ಬಣ್ಣ, ಅಲ್ಲಲ್ಲಿ ಹೊಳಪು. ಅದು ಜಿಐ. ಕಬ್ಬಿಣದ ತಂತಿಯ ಮೇಲೆ ಸತುವಿನ ಲೇಪ.

ಇಲ್ಲಿ ನಮ್ಮ ಮಾತಿನದೇ ಒಂದು ಎಡವಟ್ಟಿದೆ. ನಾವು “ಸ್ಟೀಲು” ಅಂದರೆ ಹೊಳೆಯೋದೆಲ್ಲ. “ಕಬ್ಬಿಣ” ಅಂದರೆ ಕಪ್ಪಗಿರೋದು, ತುಕ್ಕು ಹಿಡಿಯೋದು. ಲೋಟವೂ ಸ್ಟೀಲು, ಬಕೀಟೂ ಸ್ಟೀಲು, ಕ್ರೋಮು ಹೊಡೆದ ಸೈಕಲ್ ಹ್ಯಾಂಡಲ್ಲೂ ಸ್ಟೀಲು. ಮನೆ ಕಟ್ಟುವ ಸರಳು ಮಾತ್ರ “ಕಬ್ಬಿಣ”, ನಿಜವಾಗಿ ನೋಡಿದರೆ ಅದೂ ಉಕ್ಕೇ. ಇನ್ನು “ಕಲಾಯಿ”. ಹಿತ್ತಾಳೆ ಪಾತ್ರೆಯ ಒಳಗೆ ಹಾಕುತ್ತಿದ್ದ ಕಲಾಯಿ ತವರದ್ದು. ಸತು ಮೆತ್ತಿದ ತಗಡಿಗೂ ಅದೇ ಹೆಸರಿಂದ ಕರೀತೀವಿ. ಹೀಗಾಗಿ “ಕಲಾಯಿ ಅಂದ್ರೆ ಅಡುಗೆಗೆ ಒಳ್ಳೇದೇ ಅಲ್ವಾ?” ಅಂತ ಓದಿದವರೂ ಕೇಳ್ತಾರೆ. ತವರ ಬೇರೆ, ಸತು ಬೇರೆ ಮಾರಾಯ್ರೆ. ಅಷ್ಟಕ್ಕೂ ಆ ತವರವೂ 232 ಡಿಗ್ರಿಗೇ ಕರಗುತ್ತೆ, ಬರಿದಾದ ಪಾತ್ರೆ ಒಲೆ ಮೇಲೆ ಮರೆತರೆ ಕಲಾಯಿ ಮುದ್ದೆಯಾಗೋದು ನೋಡಿದವರಿಗೆ ಇದು ಹೊಸದಲ್ಲ.

ಅಂಗಡಿಯವರಿಗೆ ಈ ಗೊಂದಲ ಚೆನ್ನಾಗಿ ಗೊತ್ತು. ಹೋದ ವರ್ಷ ಒಂದು ಅಂಗಡಿಯಲ್ಲಿ ನಡೆದ ಮಾತು ಹಾಗೇ ಕೊಡ್ತೀನಿ, ಊರು ಅಂಗಡಿ ಕೇಳಬೇಡಿ.

“ಅಣ್ಣಾ, ಇದು ಯಾವ ಮೆಟಲ್ಲು?”

“ಸ್ಟೀಲು ಸಾರ್.”

“ಸ್ಟೇನ್‌ಲೆಸ್ಸಾ?”

“ಸ್ಟೀಲೇ ಸಾರ್, ತುಕ್ಕು ಹಿಡಿಯಂಗಿಲ್ಲ, ಗ್ಯಾರಂಟಿ. ಬೇಕಾದ್ರೆ ಮ್ಯಾಗ್ನೆಟ್ ಹಚ್ಚಿ ನೋಡ್ರಿ.”

ಹಚ್ಚಿದೆ. ಟಪ್ ಅಂತ ಹಿಡಿದುಕೊಂಡಿತು.

“ನೋಡಿದ್ರಾ? ಗಟ್ಟಿ ಮಾಲು!”

ಮ್ಯಾಗ್ನೆಟ್ ಹಿಡಿದರೂ ಗಟ್ಟಿ ಮಾಲು, ಹಿಡಿಯದಿದ್ದರೂ ಗಟ್ಟಿ ಮಾಲು :-) ಮ್ಯಾಗ್ನೆಟ್ಟಿನ ಕತೆಗೆ ಆಮೇಲೆ ಬರ್ತೀನಿ. ಮೊದಲು ಸತು.

ಸತು ಕರಗೋದು 419 ಡಿಗ್ರಿ ಸೆಲ್ಸಿಯಸ್ಸಿಗೆ, ಕುದಿಯೋದು 907ಕ್ಕೆ. ಸತುವಿನ ಲೇಪ ಇರೋ ಸಾಮಾನನ್ನು ಸತತವಾಗಿ 200 ಡಿಗ್ರಿಗಿಂತ ಮೇಲೆ ಬಳಸಬಾರದು ಅನ್ನೋದು ಆ ಉದ್ಯಮದವರೇ ಇಟ್ಟುಕೊಂಡಿರೋ ಮಿತಿ. ಗಾಳಿ ಊದಿದ ಇದ್ದಿಲ ಕೆಂಡ 800 ಡಿಗ್ರಿ ದಾಟುತ್ತೆ. ಜಾಲರಿ ಅಷ್ಟು ಕಾಯೋದಿಲ್ಲ, ಸ್ವಲ್ಪ ಮೇಲಿರುತ್ತೆ, ಒಪ್ಪಿದೆ. ಆದರೆ ಥರ್ಮಾಮೀಟರ್ ಇಲ್ಲದೆ ತಿಳಿಯೋ ಉಪಾಯ ಇದೆ. ಮಬ್ಬುಗತ್ತಲಲ್ಲಿ ತಂತಿ ಮಂಕಾಗಿ ಕೆಂಪಗೆ ಕಂಡರೆ ಅದು 500 ಡಿಗ್ರಿ ದಾಟಿದೆ ಅಂತಲೇ ಅರ್ಥ. ತೆನೆ ಸುಡುವವರು ಬೀಸಣಿಗೆ ಬೀಸಿದಾಗ, ಕೈಯಲ್ಲಿ ತಿರುಗಿಸೋ ಊದುಗದ ಗಾಳಿ ಬಿಟ್ಟಾಗ, ತಂತಿ ಕೆಂಪಾಗೋದನ್ನು ನೀವೇ ನೋಡಿರ್ತೀರಿ. ಅಷ್ಟು ಹೊತ್ತಿಗೆ ಮೇಲಿನ ಸತು ಕರಗಿ, ಗಾಳಿಗೆ ಸೇರಿ ಪುಡಿಯಾಗೋಕೆ ಶುರುವಾಗಿದೆ. ಅದಕ್ಕೂ ಒಂದು ಗುರುತಿದೆ. ಸತುವಿನ ಆ ಪುಡಿ ಬಿಸಿಯಿದ್ದಾಗ ಹಳದಿ, ಆರಿದ ಮೇಲೆ ಬಿಳಿ. ಜಾಲರಿಯ ಮೇಲೆ ಬೂದಿಯಲ್ಲದ, ಒರೆಸಿದರೂ ಪೂರ್ತಿ ಹೋಗದ, ಸುಣ್ಣದಂಥ ಬಿಳಿ ಪೊರೆ ಕಂಡರೆ ಅದು ಇದೇ. ತೆನೆಗೆ ನಿಂಬೆಹಣ್ಣು ಉಪ್ಪು ಖಾರ ಉಜ್ಜಿ ಮತ್ತೆ ಅದೇ ಜಾಲರಿ ಮೇಲೆ ಹೊರಳಿಸಿದರೆ? ಹುಳಿಗೆ ಸತು ಸಲೀಸಾಗಿ ಕರಗುತ್ತೆ. ಕೋಳಿಗೆ ಮೊಸರು, ನಿಂಬೆರಸ ಹಚ್ಚಿ ಇಟ್ಟರೂ ಅಷ್ಟೇ.

ಈಗ ಸ್ವಲ್ಪ ನಿಧಾನ. ಹೆದರಿಸೋದು ನನ್ನ ಉದ್ದೇಶ ಅಲ್ಲ, ವಾಟ್ಸಾಪಿನಲ್ಲಿ ಅದಕ್ಕೆ ಬೇಕಾದಷ್ಟು ಜನ ಇದ್ದಾರೆ. ಸತು ನಮ್ಮ ಮೈಗೆ ಬೇಕಾದ ಧಾತುವೇ. ಜಿಐ ಜಾಲರಿ ಮೇಲೆ ಸುಟ್ಟ ಒಂದು ತೆನೆ ತಿಂದವರು ಆಸ್ಪತ್ರೆ ಸೇರೋದಿಲ್ಲ. ತಾಪತ್ರಯ ಎರಡು ಕಡೆ ಇದೆ. ಒಂದು, ಹುಳಿಗೆ ಕರಗಿದ ಸತು ಹೆಚ್ಚಾದರೆ ಹೊಟ್ಟೆ ತೊಳಸಿ ವಾಂತಿ ಆಗುತ್ತೆ. ಲೇಪಕ್ಕೆ ಬಳಸುವ ಅಗ್ಗದ ಸತುವಿನಲ್ಲಿ ಸೀಸವೂ ಸ್ವಲ್ಪ ಬೆರೆತಿರೋದುಂಟು, ಸೀಸಕ್ಕೆ “ಇಷ್ಟು ಪರವಾಗಿಲ್ಲ” ಅನ್ನೋ ಮಟ್ಟವೇ ಇಲ್ಲ, ಅದರಲ್ಲೂ ಮಕ್ಕಳಿಗೆ. ಎರಡನೆಯದು ನಾವು ಯೋಚಿಸದೇ ಇರೋದು. ತಿಂದು ಹೋಗುವ ನಾವು ಐದು ನಿಮಿಷ ನಿಲ್ಲುತ್ತೇವೆ. ಸುಡುವ ಹೆಂಗಸು ಬೆಳಗಿನಿಂದ ಸಂಜೆವರೆಗೆ ಅದರ ಮುಂದೆಯೇ ಕೂತಿರುತ್ತಾಳೆ. ಹೊಸ ಜಾಲರಿಯ ತುಂಡು ಹಾಕಿದ ದಿನ ಅದರ ಮೊದಲ ಹೊಗೆ ಕುಡಿಯೋದು ಅವಳೇ.

ಸತುವಿನ ಹೊಗೆ ಏನು ಮಾಡುತ್ತೆ ಅಂತ ಡಾಕ್ಟರನ್ನು ಕೇಳಬೇಕಾಗಿಲ್ಲ, ನಿಮ್ಮೂರಿನ ವೆಲ್ಡಿಂಗ್ ಅಂಗಡಿಯವರನ್ನು ಕೇಳಿ. ಜಿಐ ಪೈಪಿಗೆ ಬೆಸುಗೆ ಹಾಕಿದ ದಿನ ರಾತ್ರಿ ಚಳಿಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ, ಬಾಯಾರಿಕೆ. ಒಂದೆರಡು ದಿನದಲ್ಲಿ ತಾನೇ ಹೋಗುತ್ತೆ. ಬಹಳ ಜನ ಹಾಲು ಕುಡಿದರೆ ಸರಿಹೋಗುತ್ತೆ ಅಂತ ನಂಬಿದ್ದಾರೆ. ಪಾಪ, ಹಾಲು ಹೋಗೋದು ಹೊಟ್ಟೆಗೆ, ಹೊಗೆ ಹೋಗೋದು ಎದೆಗೆ. ಇಂಗ್ಲಿಷಿನಲ್ಲಿ ಇದಕ್ಕೆ ಸೋಮವಾರದ ಜ್ವರ ಅಂತಲೂ ಕರೆಯುತ್ತಾರೆ. ದಿನಾ ಕುಡಿದರೆ ಮೈ ಒಗ್ಗಿಕೊಳ್ಳುತ್ತೆ, ಭಾನುವಾರ ರಜೆ ಮಾಡಿ ಸೋಮವಾರ ಮತ್ತೆ ಕೆಲಸಕ್ಕೆ ಬಂದರೆ ಜ್ವರ. “ಒಂದು ಸಲ ಬೆಂಕಿಗೆ ಹಾಕಿ ಸತು ಸುಟ್ಟುಬಿಟ್ಟರೆ ಆಯ್ತಪ್ಪ, ಆಮೇಲೆ ಕ್ಲೀನು” ಅಂತ ಸಲಹೆ ಕೊಡುವ ಜಾಣರೂ ಇದ್ದಾರೆ. ಆ ಒಂದು ಸಲದ ಹೊಗೆ ಯಾರ ಮೂಗಿಗೆ ಅಂತ ಮಾತ್ರ ಅವರು ಹೇಳೋದಿಲ್ಲ.

ಫ್ರಿಜ್ಜಿನ ತಟ್ಟೆಗೆ ಬರೋಣ. ಗುಜರಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತೆ, ಅಳತೆ ಹೇಳಿ ಮಾಡಿಸಿದ ಹಾಗೆ ಇರುತ್ತೆ, ಗೆರೆಗೆರೆಯಾಗಿ ಚಂದ ಕಾಣುತ್ತೆ. ಹಳೇ ಫ್ರಿಜ್ಜುಗಳ ತಂತಿ ತಟ್ಟೆಗೆ ಕ್ಯಾಡ್ಮಿಯಂ ಲೇಪ ಇರುತ್ತಿತ್ತು. ಕ್ಯಾಡ್ಮಿಯಂ 321 ಡಿಗ್ರಿಗೇ ಕರಗುತ್ತೆ, 767ಕ್ಕೆ ಕುದಿಯುತ್ತೆ. ಇದು ಸತುವಿನ ಹಾಗೆ ಎರಡು ದಿನದ ಜ್ವರ ಕೊಟ್ಟು ಬಿಡುವ ಗಿರಾಕಿ ಅಲ್ಲ. ಹೊಗೆ ಶ್ವಾಸಕೋಶ ಹಾಳು ಮಾಡುತ್ತೆ, ಹೊಟ್ಟೆಗೆ ಹೋದದ್ದು ಮೂತ್ರಪಿಂಡದಲ್ಲಿ ವರ್ಷಗಟ್ಟಲೆ ಕೂತಿರುತ್ತೆ. ಫ್ರಿಜ್ಜಿನ ತಟ್ಟೆಯಲ್ಲಿ ಮಾಂಸ ಸುಡಬೇಡಿ ಅಂತ ಅಮೆರಿಕದಲ್ಲಿ ಸರಕಾರದವರೇ ಎಚ್ಚರಿಕೆ ಕೊಟ್ಟದ್ದು ಇದೇ ಕಾರಣಕ್ಕೆ. ಹೊಸ ಫ್ರಿಜ್ಜಿನದಾದರೆ ಪ್ಲಾಸ್ಟಿಕ್ ಹೊದಿಕೆ. ಅದು ಕರಗಿ ತೊಟ್ಟಿಕ್ಕುತ್ತೆ, ಅದಕ್ಕೆ ವಿವರಣೆ ಬೇಕೇ? ಗುಜರಿಯಲ್ಲಿ ಬಿದ್ದ ತಟ್ಟೆ ಯಾವ ಕಾಲದ್ದು, ಯಾವ ಲೇಪದ್ದು ಅಂತ ಕಣ್ಣಲ್ಲಿ ನೋಡಿ ಹೇಳುವ ಶಕ್ತಿ ನಿಮಗೂ ಇಲ್ಲ, ನನಗೂ ಇಲ್ಲ. ಆದ್ದರಿಂದ ಆ ಒಂದು ವಾಕ್ಯವನ್ನು ನಿಮ್ಮ ಬರಹದಿಂದ ದಯವಿಟ್ಟು ತೆಗೆದುಹಾಕಿ. ಎಡಿಟ್ ಮಾಡೋಕೆ ಎರಡು ನಿಮಿಷ ಸಾಕು.

ಸಿಲ್ವರ್ ಪೇಂಟ್ ಬಳಿದ ಕಬ್ಬಿಣದ ಜಾಲರಿಯನ್ನೂ ಮಾರುತ್ತಾರೆ, ಬೇಡ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಅಂತ 2016ರ ನಿಯಮ ಇದೆ, 2017ರ ನವೆಂಬರಿನಿಂದ ಜಾರಿ. ಆದರೆ ಆ ನಿಯಮ ಮನೆಗೆ, ಅಲಂಕಾರಕ್ಕೆ ಬಳಸುವ ಬಣ್ಣಗಳಿಗೆ. ವೆಲ್ಡಿಂಗ್ ಅಂಗಡಿಯ ಡಬ್ಬಿಯಲ್ಲಿ ಇರೋದು ಯಾವ ಬಣ್ಣ ಅಂತ ಯಾರಿಗೆ ಗೊತ್ತು? ನಾನ್‌ಸ್ಟಿಕ್ ಜಾಲರಿ ಕೆಂಡಕ್ಕಲ್ಲವೇ ಅಲ್ಲ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತೆ, ಕೆಂಡದ ಮೇಲೆ ಬಿದ್ದರೆ ಬೂದಿಯಲ್ಲಿ ಬೆಳ್ಳಿ ಹನಿ ಹುಡುಕಬೇಕಷ್ಟೆ.

ಹಾಗಾದರೆ ಏನು ತಗೊಳ್ಳೋದು? “ಸ್ಟೇನ್‌ಲೆಸ್ 304 ತಗೊಳ್ಳಿ” ಅಂತ ಹೇಳಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಮಾತು ಸರಿ. 18 ಪಾಲು ಕ್ರೋಮಿಯಂ, 8 ಪಾಲು ನಿಕಲ್, 800 ಡಿಗ್ರಿಯವರೆಗೂ ಹಪ್ಪಳೆ ಏಳದೆ ತಡೆಯುತ್ತೆ. ಆದರೆ ಅಂಗಡಿಯಲ್ಲಿ ಅದು 304 ಅಂತ ತಿಳಿಯೋದು ಹೇಗೆ? ಇಲ್ಲಿ ಬರ್ತಾನೆ ನಮ್ಮ ಮ್ಯಾಗ್ನೆಟ್ ಪಂಡಿತ. “ಮ್ಯಾಗ್ನೆಟ್ ಹಿಡಿಯದಿದ್ದರೆ ಒರಿಜಿನಲ್.” ಇದು ಶುದ್ಧ ಸುಳ್ಳು. ನಮ್ಮ ದೇಶದಲ್ಲಿ ಪಾತ್ರೆಗೆ ಬಹಳವಾಗಿ ಬಳಸೋದು ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ 200ರ ಸಾಲಿನ ಸ್ಟೀಲು. ಅದಕ್ಕೂ ಮ್ಯಾಗ್ನೆಟ್ ಹಿಡಿಯೋಲ್ಲ. ನಿಕಲ್ಲೇ ಇಲ್ಲದ 430ಕ್ಕೆ ಹಿಡಿಯುತ್ತೆ, ಆದರೆ ಅದು ಕೆಂಡದ ಮೇಲೆ ಚೆನ್ನಾಗಿಯೇ ಬಾಳುತ್ತೆ. ಇನ್ನೂ ತಮಾಷೆ ಏನಂದ್ರೆ, ಅಪ್ಪಟ 304ನ್ನೇ ತಣ್ಣಗೆ ಎಳೆದು ತಂತಿ ಮಾಡಿದಾಗ ಅದಕ್ಕೂ ಸ್ವಲ್ಪ ಅಯಸ್ಕಾಂತದ ಗುಣ ಬಂದುಬಿಡುತ್ತೆ. ಅಂದರೆ ನಿಮ್ಮ ಮ್ಯಾಗ್ನೆಟ್ಟು ಒಳ್ಳೇ ಜಾಲರಿಯನ್ನು ಫೇಲ್ ಮಾಡಿ, ಕಡಿಮೆ ದರ್ಜೆಯದನ್ನು ಪಾಸ್ ಮಾಡಬಹುದು! ಪಾತ್ರೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಮಾಡಿ ಸರಕಾರ 2024ರ ಮಾರ್ಚಿನಲ್ಲಿ ಆದೇಶ ಹೊರಡಿಸಿದೆ, ಸ್ಟೇನ್‌ಲೆಸ್ ಪಾತ್ರೆಗೆ ಐಎಸ್ 14756 ಅನ್ನೋ ಮಾನದಂಡ. ಒಳ್ಳೇದೇ. ಆದರೆ ಸಂತೆಯಲ್ಲಿ ತೂಗು ಹಾಕಿರುವ ಜಾಲರಿಯಲ್ಲಿ ನಾನಂತೂ ಒಂದು ಗುರುತನ್ನೂ ಕಂಡಿಲ್ಲ.

ಮ್ಯಾಗ್ನೆಟ್ಟಿಗಿಂತ ಅರ್ಧ ನಿಂಬೆಹಣ್ಣು ಉಪಯೋಗಕ್ಕೆ ಬರುತ್ತೆ. ಒಂದು ಹನಿ ಹಿಂಡಿ ಅರ್ಧ ಗಂಟೆ ಬಿಡಿ. ಸತುವಾದರೆ ಅಲ್ಲಿ ಮಂಕಾದ ಕಲೆ ಬೀಳುತ್ತೆ, ಸ್ಟೇನ್‌ಲೆಸ್ಸಿಗೆ ಏನೂ ಆಗೋಲ್ಲ. ಅಂಗಡಿಯವನು ಅರ್ಧ ಗಂಟೆ ನಿಲ್ಲೋಕೆ ಬಿಡೋಲ್ಲ ಅಂದರೆ ಬಿಡಿ, ಅಂಗಡಿ ಬಿಟ್ಟು ವೆಲ್ಡಿಂಗ್ ಶಾಪಿಗೆ ನಡೀರಿ.

ನನ್ನ ವಾದ ಇಷ್ಟೇ: ನಮ್ಮ ಕಡೆಯವರಿಗೆ ಕೆಂಡದ ಜಾಲರಿ ಅಂದರೆ ಬರೀ ಕಬ್ಬಿಣದ್ದು, ಅಂದರೆ ಲೇಪ ಇಲ್ಲದ ಸಾದಾ ಉಕ್ಕಿನದು, ಕಪ್ಪಗಿರೋದು, ದಪ್ಪ ಇರೋದು. ನೂರು ರೂಪಾಯಿಯ ಹೊಳೆಯುವ ಜಾಲರಿಗಿಂತ ಅದು ಎಷ್ಟೋ ಮೇಲು. ಪಕ್ಕದ ಸಂಡೂರಿನ ಗುಡ್ಡ ಅಗೆದು ದೇಶವಿದೇಶಕ್ಕೆ ಅದಿರು ಸಾಗಿಸಿದ್ದನ್ನು ಕಣ್ಣಾರೆ ಕಂಡ ಸೀಮೆ ನಮ್ಮದು. 2011ರಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಿಸೋವರೆಗೂ ಆ ಲಾರಿಗಳ ಕೆಂಪು ಧೂಳು ಕುಡಿದಿದ್ದೀವಿ. ಇಂಥ ಊರಿನವರು ಒಂದು ಅಡಿ ಕಬ್ಬಿಣದ ಸರಳಿಗೆ ಮೂಗು ಮುರಿದು, ಎಲ್ಲಿಂದಲೋ ಬಂದ ಸತು ಮೆತ್ತಿದ ತಂತಿಗೆ “ಸ್ಟೀಲು” ಅಂತ ಕೈ ಮುಗಿಯೋದು ನೋಡಿದರೆ ನಗಬೇಕೋ ಅಳಬೇಕೋ ಗೊತ್ತಾಗೋಲ್ಲ.

ಲೆಕ್ಕ ಹಾಕಿ. ಮೇಸ್ತ್ರಿಗಳೆಲ್ಲರಿಗೂ ಬಾಯಿಪಾಠ ಇರೋ ಸೂತ್ರ: ಸರಳಿನ ಮಿಲಿಮೀಟರ್ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ. 8 ಎಂಎಂ ಸರಳು ಮೀಟರಿಗೆ ಸುಮಾರು 395 ಗ್ರಾಂ, 6 ಎಂಎಂ ಆದರೆ 222 ಗ್ರಾಂ. 45 ಸೆಂಟಿಮೀಟರ್ ಉದ್ದ 30 ಅಗಲದ ಚೌಕಟ್ಟಿಗೆ 8ರ ಸರಳು ಒಂದೂವರೆ ಮೀಟರ್, ಅಡ್ಡಕ್ಕೆ 6ರ ಸರಳು 24 ತುಂಡು. ನಡುವೆ ಬೆರಳಗಲ ಅಂದರೆ 12 ಎಂಎಂ ಸಂದು. ಒಟ್ಟು ಎರಡು ಕಿಲೋ ಚಿಲ್ಲರೆ. ಕಬ್ಬಿಣದ ದುಡ್ಡು ಬೆಸುಗೆಯ ಕೂಲಿ ಸೇರಿ ಒಂದು ಬಿರಿಯಾನಿ ಪಾರ್ಟಿಯ ಖರ್ಚೂ ಆಗೋಲ್ಲ. ನಾಲ್ಕು ಜನ ಕೋಳಿ ಇಟ್ಟರೂ ಬಾಗೋಲ್ಲ.

ದಪ್ಪ ಯಾಕೆ ಬೇಕು ಅಂದರೆ, ಸರಳಿನ ದಪ್ಪ ಎರಡು ಪಟ್ಟಾದರೆ ಅದು ಬಾಗದೆ ನಿಲ್ಲುವ ಗುಣ ಹದಿನಾರು ಪಟ್ಟಾಗುತ್ತೆ, ತೂಕ ನಾಲ್ಕೇ ಪಟ್ಟು. ಒಂದೂವರೆ ಎಂಎಂ ತಂತಿಯ ಜಾಲರಿ ನಡುವಲ್ಲಿ ತೊಟ್ಟಿಲಾಗೋದು, ತೆನೆಗಳೆಲ್ಲ ಉರುಳಿ ನಡುವೆ ಸೇರೋದು ಇದಕ್ಕೇ. ಇನ್ನೊಂದು ಮಾತು, ಅಡ್ಡ ಸರಳುಗಳ ಎರಡೂ ತುದಿಗೆ ಬೆಸುಗೆ ಹಾಕಿಸಬೇಡಿ. 30 ಸೆಂಟಿಮೀಟರ್ ಸರಳು 500 ಡಿಗ್ರಿ ಕಾದಾಗ ಸುಮಾರು 1.8 ಎಂಎಂ ಬೆಳೆಯುತ್ತೆ. ಚೌಕಟ್ಟು ಅಷ್ಟು ಕಾದಿರೋಲ್ಲ. ಎರಡೂ ಕಡೆ ಕಟ್ಟಿಹಾಕಿದರೆ ಅದು ಬಿಲ್ಲಿನ ಹಾಗೆ ಡೊಂಕಾಗದೆ ಇನ್ನೇನು ಮಾಡೀತು? ಒಂದು ತುದಿ ಬೆಸುಗೆ, ಇನ್ನೊಂದು ತುದಿ ಚೌಕಟ್ಟಿನ ಪಟ್ಟಿಯ ಮೇಲೆ ಸುಮ್ಮನೆ ಕೂತಿರಲಿ. ನಮ್ಮೂರಿನ ವೆಲ್ಡಿಂಗ್ ಅಣ್ಣ ಮೊದಲು “ಅಲ್ಲಾಡ್ತೈತಲ್ರೀ, ನನ್ ಕೆಲ್ಸಕ್ಕೆ ಕೆಟ್ಟ ಹೆಸ್ರು ಬರ್ತೈತಿ” ಅಂತ ಗೊಣಗಿದ. ಮಾಡಿಕೊಟ್ಟ. ಈಗ ಅವನೇ ಢಾಬಾದವರಿಗೆ ಹಾಗೇ ಮಾಡಿಕೊಡುತ್ತಿದ್ದಾನೆ. ಕೆಲಸದ ಜಾಗದಲ್ಲಿ ಉಳಿದ ಟಿಎಂಟಿ ತುಂಡೂ ಆಗುತ್ತೆ, ಆದರೆ ಅದರ ಏಣುಗಳ ಸಂದಿಯಲ್ಲಿ ಜಿಡ್ಡು ಕೂರುತ್ತೆ, ನುಣುಪಾದ ಸರಳೇ ವಾಸಿ. ಹಸಿರು ಬಣ್ಣದ ಲೇಪ ಇರುವ ಸರಳು ಬಂದರೆ ಮುಟ್ಟಬೇಡಿ.

“ತುಕ್ಕು ಹಿಡಿಯುತ್ತಲ್ಲಾ?” ಹಿಡಿಯುತ್ತೆ ಸ್ವಾಮಿ, ಕಬ್ಬಿಣ ಅಲ್ವೇ. ರೊಟ್ಟಿ ಹಂಚಿಗೆ ಹಿಡಿಯೋಲ್ವೇ? ನಿಮ್ಮಮ್ಮ ಅದನ್ನು ಎಸೆದರೇ? ಹೊಸ ಜಾಲರಿಯನ್ನು ಸೋಪು ಹಾಕಿ ತೊಳೆದು ಕಾರ್ಖಾನೆಯ ಎಣ್ಣೆ ತೆಗೆಯಿರಿ, ಬೆಂಕಿಯಲ್ಲಿ ಚೆನ್ನಾಗಿ ಕಾಯಿಸಿ, ಶೇಂಗಾ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಒರೆಸಿ ಮತ್ತೆ ಕಾಯಿಸಿ. ಮೂರು ನಾಲ್ಕು ಸಲ ಹೀಗೆ ಮಾಡಿದರೆ ಕರಿ ಪೊರೆ ಕೂರುತ್ತೆ, ಅಂಟೋದೂ ಕಡಿಮೆ. ಸ್ವಲ್ಪ ತುಕ್ಕು ಕಂಡರೆ ಉಜ್ಜಿ ಮತ್ತೆ ಎಣ್ಣೆ. ತುಕ್ಕು ನೋಡೋಕೆ ಚಂದ ಇಲ್ಲ, ವಿಷ ಅಲ್ಲ. ಸತುವಿನ ಹೊಳಪು ನೋಡೋಕೆ ಚಂದ. ಆಯ್ಕೆ ನಿಮ್ಮದು.

ಉಜ್ಜೋಕೆ ತಂತಿ ಬ್ರಷ್ ಮಾತ್ರ ಬೇಡ. ಬ್ರಷ್ಷಿನ ಎಳೆ ಮುರಿದು ಜಾಲರಿಗೆ ಅಂಟಿ, ಅಲ್ಲಿಂದ ಮಾಂಸಕ್ಕೆ, ಅಲ್ಲಿಂದ ಗಂಟಲಿಗೆ. ಅಮೆರಿಕದ ಪ್ರಾವಿಡೆನ್ಸ್ ಅನ್ನೋ ಊರಲ್ಲಿ 2011–12ರಲ್ಲಿ ಹೀಗೆ ಎಳೆ ನುಂಗಿ ಆರು ಜನ ಆಸ್ಪತ್ರೆಗೆ ಬಂದದ್ದನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2012ರ ವರದಿಯಲ್ಲಿ ಪ್ರಕಟಿಸಿದೆ. ಹೊರದೇಶದಲ್ಲಿರೋ ಗೆಳೆಯರೇ, ನಿಮ್ಮ ಹಿತ್ತಲಿನ ಬಾರ್ಬೆಕ್ಯೂ ಪಕ್ಕ ತೂಗಾಡುತ್ತಿರೋದು ಅದೇ ಬ್ರಷ್ಷು. ಬಿಸಿ ಜಾಲರಿ ಮೇಲೆ ಅರ್ಧ ಈರುಳ್ಳಿ ಚುಚ್ಚಿಕೊಂಡು ಉಜ್ಜಿ, ಉಳಿದದ್ದಕ್ಕೆ ತೆಂಗಿನ ನಾರು. ಎನಾಮಲ್ ಹೊದಿಕೆಯ ಜಾಲರಿ ಇದ್ದರೆ ಚಕ್ಕೆ ಏಳೋವರೆಗೆ ಬಳಸಿ, ಎದ್ದ ಮೇಲೆ ಬೇಡ.

ಇನ್ನು ಎರಡು ಆಕ್ಷೇಪ ಬರುತ್ತೆ ಅಂತ ಗೊತ್ತು. ಒಂದು, “ಕಟ್ಟಿಗೆ ಹೊಗೆಯೇ ಇಷ್ಟು ಕೆಟ್ಟದ್ದು, ಅದರ ಮುಂದೆ ನಿನ್ನ ಸತು ಯಾವ ಲೆಕ್ಕ?” ಹೊಗೆ ಕೆಟ್ಟದ್ದು, ಖಂಡಿತ. ಆದರೆ ಹೊಗೆ ಕಣ್ಣಿಗೆ ಕಾಣುತ್ತೆ, ಕೆಮ್ಮು ಬರುತ್ತೆ, ಗಾಳಿ ನೋಡಿ ಕೂರುವ ಜಾಗ ಬದಲಾಯಿಸ್ತೀವಿ. ಕ್ಯಾಡ್ಮಿಯಂ ಕೆಮ್ಮಿಸಿ ಎಚ್ಚರಿಸಿ ಹೊಟ್ಟೆಗೆ ಹೋಗೋಲ್ಲ. ಒಂದು ಕೆಟ್ಟದ್ದು ಇದೆ ಅಂತ ಇನ್ನೊಂದನ್ನು ದುಡ್ಡು ಕೊಟ್ಟು ತರೋದು ಯಾವ ನ್ಯಾಯ? ಎರಡು, “ನಮ್ಮಜ್ಜಿ ಕಾಲದಿಂದ ಹೀಗೇ ಮಾಡ್ತಿದ್ದೀವಿ.” ಇಲ್ಲ, ಮಾಡ್ತಿರಲಿಲ್ಲ. ಅಜ್ಜಿ ಬದನೆಕಾಯಿಯನ್ನು ನೇರ ಕೆಂಡಕ್ಕೆ ಹಾಕುತ್ತಿದ್ದಳು, ರೊಟ್ಟಿಯನ್ನು ಒಲೆ ಬಾಯಿಗೆ ಒರಗಿಸುತ್ತಿದ್ದಳು, ಸೀತನಿಗೆ ತೆನೆಯನ್ನು ಕುಳ್ಳಿನ ಬಿಸಿಯಲ್ಲಿ ಹೂಳುತ್ತಿದ್ದಳು. ಅವಳ ಹತ್ತಿರ ಕೋಳಿಗೂಡಿನ ಜಾಲರಿ ಇರಲಿಲ್ಲ, ಫ್ರಿಜ್ಜೂ ಇರಲಿಲ್ಲ. ಅವಳ ಹೆಸರನ್ನು ಇದಕ್ಕೆ ಎಳೀಬೇಡಿ.

ತೆನೆ ಮಾರುವವರಿಗೆ ಭಾಷಣ ಮಾಡಿ ಏನೂ ಆಗೋಲ್ಲ ಅಂತ ಗೊತ್ತಿದೆ. ಎರಡು ಕಿಲೋ ಕಬ್ಬಿಣಕ್ಕೆ ಒಮ್ಮೆಗೇ ದುಡ್ಡು ಹಾಕೋದು ಅವರಿಗೆ ಒಂದು ದಿನದ ಸಂಪಾದನೆಯ ಮಾತು. ಬೀದಿ ವ್ಯಾಪಾರಿಗಳಿಗೆ ಪಂಚಾಯ್ತಿಯವರೋ ಸಂಘದವರೋ ಕೊಡೆ ಹಂಚುತ್ತಾರೆ, ಕೊಡೆ ಮೇಲೆ ದೊಡ್ಡವರ ಫೋಟೋ ಅಚ್ಚಾಗುತ್ತೆ. ಅದರ ಜೊತೆ ಒಂದು ಕಬ್ಬಿಣದ ಜಾಲರಿ ಕೊಟ್ಟರೆ ಏನು ಹೋಗುತ್ತೆ? ಓಹ್, ಜಾಲರಿ ಮೇಲೆ ಫೋಟೋ ಅಚ್ಚು ಹಾಕೋಕೆ ಆಗೋಲ್ಲ, ಅದೊಂದು ತೊಂದರೆ.

ನಿಮ್ಮ ಮನೆಯಲ್ಲಿ ಗ್ಯಾಸಿನ ಮೇಲಿಟ್ಟು ಹಪ್ಪಳ, ಫುಲ್ಕಾ ಸುಡುವ ಆ ತೆಳು ಜಾಲರಿ ಇದೆಯಲ್ಲ, ಇವತ್ತೇ ಕೈಗೆ ತಗೊಂಡು ನೋಡಿ. ನಡುಭಾಗ ಕಪ್ಪಾಗಿ, ಸುತ್ತ ಬಿಳಿ ಪೊರೆ ಇದೆಯಾ? ಇದ್ದರೆ ಕಾಮೆಂಟಿನಲ್ಲಿ ಬರೆಯಿರಿ. ಹಾಗೇ ನಿಮ್ಮ ಕಡೆ ಅದಕ್ಕೆ ಏನು ಹೆಸರು ಅಂತಲೂ ತಿಳಿಸಿ, ನಮ್ಮಲ್ಲಿ ಒಬ್ಬರು ಜಾಳಿಗಿ ಅಂತಾರೆ, ಇನ್ನೊಬ್ಬರು ಜಾಲರಿ ಅಂತಾರೆ, ಮೂರನೆಯವರು ಬರೀ “ಆ ಹಪ್ಪಳದ್ದು” ಅಂತಾರೆ.